ದೈವಕರೆ: ಅದನ್ನು ಅರಿಯುವ ಬಗೆ, ಪೋಷಿಸುವ ಬಗೆ

ಪ್ರೌಢಶಾಲೆಯ ಕೊನೆಯ ತರಗತಿಯನ್ನು ಮುಗಿಸುವ ಬಾಲಿಕೆಯನ್ನು ಕುರಿತು ಮನೆಯ ಹಿರಿಯರು ಎರಡು ಪ್ರಶ್ನೆಗಳನ್ನು ಎತ್ತುವುದು ವಾಡಿಕೆ: ಮುಂದಿನ ಓದು ಯಾವುದು? ವಿವಾಹ ಯಾವಾಗ? ಕಥೋಲಿಕ ಕುಟುಂಬದಲ್ಲಿ ಇವೆರಡಕ್ಕೂ ಮೊದಲು ಕೇಳತಕ್ಕ ಪ್ರಶ್ನೆ ಮತ್ತೊಂದುಂಟು. ದೇವರು ಈಕೆಯನ್ನು ಯಾವ ಬಾಳಿಗೆ ಕರೆದಿರುವರು? ಇದಕ್ಕೆ ಉತ್ತರವನ್ನು ತಂದೆತಾಯಿಗಳಾಗಲಿ ಉಪಾಧ್ಯಾಯಿನಿಯರಾದ ನಾವಾಗಲಿ ಕೊಡಲಾರೆವು. ಆದರೆ ಉತ್ತರವನ್ನರಸುವ ಮಗಳಿಗೆ ನೆರವಾಗುವುದೂ ಅಡ್ಡಿಯಾಗುವುದೂ ನಮ್ಮ ಕೈಯಲ್ಲಿಯೇ ಇದೆ.

ದೈವಕರೆಯೆಂದೊಡನೆ ಕನ್ಯಾಮಠವೊಂದನ್ನೇ ನೆನೆಯುವುದು ಸರಿಯಲ್ಲ. ಪಾವಿತ್ರ್ಯದ ಬಾಳಿಗೆ ಸಕಲ ವಿಶ್ವಾಸಿಗಳೂ ಕರೆಯಲ್ಪಟ್ಟಿರುವರೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಸ್ಪಷ್ಟವಾಗಿ ಸಾರಿತು. ಇಟಲಿ ದೇಶದ ವೈದ್ಯೆ ಜಿಯಾನ್ನಾ ಬೆರೆಟ್ಟಾ ಮೊಲ್ಲಾ ಅವರು ಬ್ರೆಜಿಲಿಗೆ ಹೋಗಿ ಸೇವೆ ಮಾಡಬೇಕೆಂದು ಬಯಸಿದ್ದರು. ಅದಕ್ಕೆ ಅವರ ದೇಹಬಲ ಸಾಲದಾಯಿತು. ತಮ್ಮ ಕರೆ ಗೃಹಸ್ಥ ಜೀವನವೆಂದು ಮನಗಂಡು 1955ರಲ್ಲಿ ವಿವಾಹವಾದರು. 2004ರಲ್ಲಿ ಧರ್ಮಸಭೆಯು ಆ ತಾಯಿಯನ್ನು ಸಂತರ ಸಾಲಿಗೆ ಸೇರಿಸಿತು. ಒಂದು ಬಾಗಿಲು ಮುಚ್ಚಿದುದರಿಂದ ಕರೆಯೇ ಇಲ್ಲವೆಂದಾಗದು.

ಹಾಗಾದರೆ ಮಠಜೀವನದ ಕರೆಯನ್ನು ಗುರುತಿಸುವುದೆಂತು? ಅದಕ್ಕೆ ದಿವ್ಯದರ್ಶನವೂ ಬೇಡ, ಆಕಾಶವಾಣಿಯೂ ಬೇಡ. ಮೊದಲನೆಯದಾಗಿ ಉದ್ದೇಶವು ಶುದ್ಧವಾಗಿರಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದೋ, ಮನೆಯಲ್ಲಿ ಕಷ್ಟವೆಂದೋ, ಪ್ರಿಯ ಗೆಳತಿ ಹೊರಟಳೆಂದೋ ಮಠವನ್ನು ಬಯಸುವುದು ಕರೆಯಲ್ಲ. ದೇವರನ್ನು ಪೂರ್ಣಹೃದಯದಿಂದ ಪ್ರೀತಿಸಿ ನೆರೆಯವರಿಗಾಗಿ ಬಾಳಬೇಕೆಂಬ ಆಸೆಯು ತಿಂಗಳುಗಳು ಕಳೆದರೂ ಮಾಸದೆ ಉಳಿದರೆ ಅದನ್ನು ಗೌರವಿಸತಕ್ಕದ್ದು. ಎರಡನೆಯದಾಗಿ ಯೋಗ್ಯತೆ ಇರಬೇಕು; ಆರೋಗ್ಯ, ವಿವೇಕ, ಹತ್ತು ಜನರೊಡನೆ ಹೊಂದಿ ಬಾಳುವ ಸ್ವಭಾವ ಇವು ಬೇಕು. ಶಾಲೆಯಲ್ಲಿ ನಾವು ಗಮನಿಸುವುದು ದೇವಾಲಯದಲ್ಲಿ ಹೆಚ್ಚು ಹೊತ್ತು ಮೊಣಕಾಲೂರುವವಳನ್ನು ಮಾತ್ರವಲ್ಲ. ಯಾರೂ ಹೇಳದೆ ಹಿಂದುಳಿದ ಸಹಪಾಠಿಗೆ ಪಾಠ ಹೇಳಿಕೊಡುವವಳನ್ನೂ, ಗದರಿಸಿಕೊಂಡರೂ ಮುನಿಸಿಕೊಳ್ಳದವಳನ್ನೂ ಗಮನಿಸುವೆವು. ಮೂರನೆಯದಾಗಿ, ಸಂಸ್ಥೆಯ ಹಿರಿಯರು ಆಕೆಯನ್ನು ಪರೀಕ್ಷಿಸಿ ಒಪ್ಪಬೇಕು.

ಮನಸ್ಸು ಕದಡಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬಾರದೆಂಬುದು ಲೊಯೋಲದ ಸಂತ ಇಗ್ನೇಷಿಯಸರ ಬೋಧೆ. ನಮ್ಮನ್ನೇ ಅಪರಿಚಿತರೊಬ್ಬರೆಂದು ಭಾವಿಸಿ, ಅವರಿಗೆ ಯಾವ ಸಲಹೆ ಕೊಡುವೆವೋ ಅದನ್ನೇ ನಾವೂ ಅನುಸರಿಸಬೇಕೆಂದೂ ಅವರು ಕಲಿಸಿದರು. ಹದಿಹರೆಯದವರಿಗೆ ಇವೆರಡೂ ಬಹಳ ಉಪಯುಕ್ತ.

ಧರ್ಮಸಭೆಯು ಯಾರನ್ನೂ ಅವಸರದಿಂದ ಬಂಧಿಸುವುದಿಲ್ಲ. 1983ರ ಧರ್ಮಸಭಾ ನಿಯಮಸಂಹಿತೆಯ ಪ್ರಕಾರ 17 ವರ್ಷ ತುಂಬದವರನ್ನು ನೊವಿಷಿಯೇಟೆಂಬ ಪರೀಕ್ಷಾಕಾಲಕ್ಕೆ ಸೇರಿಸಿಕೊಳ್ಳುವಂತಿಲ್ಲ. ಆ ಕಾಲವು 12 ತಿಂಗಳಿಗೆ ಕಡಮೆಯಾಗಕೂಡದು. 18 ತುಂಬಿದ ಮೇಲಷ್ಟೇ ತಾತ್ಕಾಲಿಕ ವ್ರತಗಳು; ಅವುಗಳಲ್ಲಿ ಕಡಮೆಯೆಂದರೆ ಮೂರು ವರ್ಷ ಬಾಳಿ, 21 ತುಂಬಿದ ಮೇಲೆಯೇ ಆಜೀವ ವ್ರತಗಳು. ಪರೀಕ್ಷಾಕಾಲವಿರುವುದೇ ಪರೀಕ್ಷಿಸುವುದಕ್ಕಾಗಿ. ಆದುದರಿಂದ ತನ್ನ ದಾರಿ ಇದಲ್ಲವೆಂದು ತಿಳಿದು ಮನೆಗೆ ಮರಳುವ ಮಗಳು ಸೋತು ಬಂದವಳಲ್ಲ. ಆಕೆಯನ್ನು ನೆಂಟರಿಷ್ಟರು ಕೊಂಕು ನುಡಿಯುವುದೂ, ಸಂಬಂಧ ಕೂಡಿಬರದೆಂದು ತಂದೆತಾಯಿಗಳು ನಾಚುವುದೂ ಅನ್ಯಾಯ. ಹಿಂದಿರುಗಲು ಹೆದರಿ ಮಠದಲ್ಲಿಯೇ ಉಳಿಯುವವಳು ಮಠಕ್ಕೂ ಸುಖ ತಾರಳು, ತನಗೂ ಸುಖ ಕಾಣಳು.

ಈ ವಿಷಯದಲ್ಲಿ ತ್ರೆಂಟಿನ ಮಹಾಸಭೆಯು 1563ರಲ್ಲಿ ಮಾಡಿದ ಕಟ್ಟಳೆಯನ್ನು ತಂದೆತಾಯಿಗಳು ತಿಳಿದಿರಬೇಕು. ಕನ್ಯೆಯನ್ನು ಬಲಾತ್ಕಾರದಿಂದ ಮಠಕ್ಕೆ ನೂಕುವವರಿಗೆ ಆ ಸಭೆಯು ಬಹಿಷ್ಕಾರವನ್ನು ವಿಧಿಸಿತು. ನ್ಯಾಯವಾದ ಕಾರಣವಿಲ್ಲದೆ ಆಕೆಯ ಪವಿತ್ರ ಇಚ್ಛೆಯನ್ನು ತಡೆಯುವವರಿಗೂ ಅದೇ ದಂಡನೆಯನ್ನು ವಿಧಿಸಿತು. ನೂಕುವುದೂ ತಡೆಯುವುದೂ ಸಮಾನ ದೋಷಗಳೆಂದಾಯಿತು. ಕೇರಳದ ಸಂತ ಅಲ್ಫೋನ್ಸಾ ಅವರು ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡು ದೊಡ್ಡಮ್ಮನ ಆಶ್ರಯದಲ್ಲಿ ಬೆಳೆದರು. ಮದುವೆಯ ಒತ್ತಾಯವನ್ನು ತಪ್ಪಿಸಿಕೊಳ್ಳಲು ಆ ಬಾಲಿಕೆ ಕೆಂಡದ ಗುಂಡಿಯಲ್ಲಿ ಕಾಲಿಟ್ಟು ಸುಟ್ಟುಕೊಂಡಳು. 2008ರಲ್ಲಿ ಅವರು ಸಂತರೆಂದು ಘೋಷಿತರಾದರು. ಆದರೂ ಆ ಕೃತ್ಯವು ನಮ್ಮ ಮಕ್ಕಳಿಗೆ ಅನುಕರಣೀಯವಲ್ಲ. ಹಿರಿಯರು ಕಿವಿಗೊಡದಿದ್ದರೆ ಎಳೆಯ ಮನಸ್ಸು ಎಂಥ ಸಂಕಟಕ್ಕೆ ಗುರಿಯಾಗುವುದೆಂಬುದೇ ನಾವು ಅದರಿಂದ ಕಲಿಯತಕ್ಕ ಪಾಠ.

ಒಬ್ಬಳು ಕರೆಗೆ ಓಗೊಟ್ಟರೆ ಫಲವುಣ್ಣುವವರು ಅನೇಕರು. ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾದ ಸೋಫಿ ಲೀವ್ಸ್ ಅವರು 1850ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, ಮದರ್ ವೆರೋನಿಕಾ ಎಂಬ ಹೆಸರಿನಿಂದ 1868ರಲ್ಲಿ ಫ್ರಾನ್ಸಿನ ಬಾಯೋನಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯನ್ನು ಸ್ಥಾಪಿಸಿದರು. 1870ರಲ್ಲಿ ಅದರ ಸೋದರಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಕೈಹಾಕಿದರು. 1921ರಲ್ಲಿ ಅದೇ ಊರಿನಲ್ಲಿ ರೇಮಂಡ್ ಮಸ್ಕರೇನ್ಹಸ್ ಗುರುಗಳು ನಾಲ್ವರು ಯುವತಿಯರೊಡನೆ ಬೆಥನಿ ಸಂಸ್ಥೆಯನ್ನು ಆರಂಭಿಸಿದರು. ಕರಾವಳಿಯಲ್ಲಿ ಅಕ್ಷರ ಕಲಿತ ಎಷ್ಟೋ ಮನೆತನಗಳು ಈ ಸೋದರಿಯರಿಗೆ ಋಣಿಯಾಗಿವೆ.

ಇನ್ನು ಮನೆಯಲ್ಲಿ ಮಾಡತಕ್ಕದ್ದೇನು? ಸಂಜೆಯ ಜಪಮಾಲೆ ತಪ್ಪದಿರಲಿ. ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಮಕ್ಕಳೆದುರು ಹಗುರವಾಗಿ ಆಡದಿರೋಣ. ಮಗಳು ತನ್ನ ಆಸೆಯನ್ನು ಹೇಳಿದಾಗ ನಗಬೇಡಿರಿ, ಗದರಿಸಬೇಡಿರಿ, ಊರಿಗೆಲ್ಲ ಸಾರಲೂ ಬೇಡಿರಿ. ಅನುಭವಸ್ಥರಾದ ಗುರುಗಳ ಅಥವಾ ಸೋದರಿಯರ ಸಲಹೆ ಪಡೆಯಲು ಬಿಡಿರಿ; ಓದು ಮುಗಿಯಲೆಂದು ಕೆಲಕಾಲ ಕಾಯುವಂತೆ ಹೇಳುವುದು ತಪ್ಪಲ್ಲ. ಒಬ್ಬಳೇ ಮಗಳಿರುವ ಮನೆಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ತಾಯಿಯ ಕಣ್ಣೀರನ್ನು ನಾವು ಅಲ್ಪವೆಂದೆಣಿಸುವುದಿಲ್ಲ. ಮುಪ್ಪಿನಲ್ಲಿ ನಮಗಾರು ಎಂಬ ಚಿಂತೆಯನ್ನು ಮಗಳೊಡನೆ ಮನಬಿಚ್ಚಿ ಮಾತಾಡಿರಿ. ಆಕೆಯೂ ಅದನ್ನು ದೇವರ ಮುಂದಿಟ್ಟು ತೂಗಿ ನೋಡಲಿ.

ದೈವಕರೆಗಳಿಗಾಗಿ ಪ್ರಾರ್ಥಿಸುವ ದಿನವೊಂದನ್ನು ಧರ್ಮಸಭೆಯು 1964ರಿಂದ ಆಚರಿಸುತ್ತಿದೆ. ಪಾಸ್ಕಕಾಲದಲ್ಲಿ ಬರುವ ಒಳ್ಳೆಯ ಕುರುಬನ ಭಾನುವಾರವೇ ಆ ದಿನ. ಅಂದು ಪ್ರತಿಯೊಂದು ಮನೆಯಲ್ಲಿಯೂ ನಮ್ಮ ಮಕ್ಕಳಿಗಾಗಿ ಒಂದು ಬಿನ್ನಹವಿರಲಿ: ನಾವು ಬಯಸಿದ ದಾರಿಯಲ್ಲಲ್ಲ, ಪ್ರಭುವು ತೋರಿದ ದಾರಿಯಲ್ಲಿ ಅವರು ಸಂತೋಷದಿಂದ ನಡೆಯಲಿ.