ಪಾಯಿಂಟ್ 22 ಕೋವಿಗೆ ಎಷ್ಟು ತೂಕದ ಗುಂಡು?

ಮಾದಾಪುರ: ಕೈಲ್‌ಪೊಳ್ದ್ ಹಬ್ಬ ಸಮೀಪಿಸುತ್ತಿದ್ದಂತೆ ಕೊಡಗಿನ ಮನೆಗಳಲ್ಲಿ ಕೋವಿಗಳು ಕಪಾಟಿನಿಂದ ಹೊರಬರುತ್ತವೆ. ನಳಿಗೆ ಒರೆಸಿ, ಎಣ್ಣೆ ಹಚ್ಚಿ, ಮೇಲೊಂದು ತೋಕ್‌ಪೂ ಇರಿಸಿ ಪೂಜಿಸಿದ ಬಳಿಕ ಊರ ಮೈದಾನಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಆರಂಭವಾಗುತ್ತವೆ. 12 ಬೋರ್ ಕೋವಿ, .22 ರೈಫಲ್ ಹಾಗೂ ಏರ್‌ಗನ್ ವಿಭಾಗಗಳಲ್ಲಿ ಹೆಂಗಸರು ಗಂಡಸರೆನ್ನದೆ ಪಾಲ್ಗೊಳ್ಳುತ್ತಾರೆ. ಅದೇ ಹೊತ್ತಿಗೆ ಗದ್ದೆಗಳಲ್ಲಿ ನಾಟಿ ಮುಗಿದಿರುತ್ತದೆ. ಹಟ್ಟಿಹೊಳೆ, ಗರ್ವಾಲೆ ಕಡೆಯ ಕಾಡಂಚಿನ ಬೆಳೆಗಾರರಿಗೆ ಕಾಡುಹಂದಿಯ ಚಿಂತೆಯೂ ಆಗಲೇ ಶುರುವಾಗುತ್ತದೆ.

ಈ ಎರಡೂ ಸಂದರ್ಭಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಯಾವ ತೋಟೆ ಒಳ್ಳೆಯದು? ಹಗುರ ಗುಂಡಿನದೋ, ಭಾರ ಗುಂಡಿನದೋ? ಇದಕ್ಕೆ ಉತ್ತರ ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ಅನೇಕರ ಉತ್ತರ ಅಮೆರಿಕದ ಬೇಟೆಗಾರರಿಗಾಗಿ ಬರೆದ ಸಲಹೆಗಳಿಂದ ಎರವಲು ಪಡೆದದ್ದು. ಅಲ್ಲಿಯ ಬಯಲಿಗೆ ಸರಿಯಾದದ್ದು ಇಲ್ಲಿಯ ಕಾಫಿ ತೋಟಕ್ಕೆ ಸರಿಯಾಗಬೇಕೆಂದಿಲ್ಲ.

ಗ್ರೇನ್ ಲೆಕ್ಕ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಬೇಕು. ನಾವು ಮಾತಿನಲ್ಲಿ ಇಡೀ ತೋಟೆಯನ್ನೇ ಗುಂಡು ಎನ್ನುತ್ತೇವೆ. ವಾಸ್ತವದಲ್ಲಿ ಹಿತ್ತಾಳೆಯ ಚಿಪ್ಪು, ಮದ್ದು, ಮದ್ದಿಗೆ ಕಿಡಿ ಹಚ್ಚುವ ರಾಸಾಯನಿಕ ಹಾಗೂ ತುದಿಯ ಗುಂಡು, ಈ ನಾಲ್ಕೂ ಸೇರಿದರೆ ತೋಟೆ. ಡಬ್ಬಿಯ ಮೇಲೆ ಮುದ್ರಿಸಿರುವ ತೂಕ ತುದಿಯ ಗುಂಡಿನದು ಮಾತ್ರ. ಅದನ್ನು ಗ್ರೇನ್ ಎಂಬ ಹಳೆಯ ಅಳತೆಯಲ್ಲಿ ಹೇಳಲಾಗುತ್ತದೆ. ಒಂದು ಪೌಂಡಿಗೆ 7,000 ಗ್ರೇನ್. ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟೆಯ ಸಾಮಾನ್ಯ ಗುಂಡು 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. 1887ರಲ್ಲಿ ಈ ತೋಟೆ ಬಂದಾಗಿನಿಂದಲೂ 40 ಗ್ರೇನ್ ಎಂಬುದೇ ಅದರ ಮಾದರಿ ತೂಕವಾಗಿ ಉಳಿದಿದೆ.

ನಳಿಗೆಯ ಅಗಲ ಬದಲಾಗುವುದಿಲ್ಲವಾದ್ದರಿಂದ ಗುಂಡಿನ ತೂಕ ಹೆಚ್ಚಿದರೆ ಅದರ ಉದ್ದ ಹೆಚ್ಚುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ.

ವೇಗ ಹೆಚ್ಚಿದರೆ ಗುರಿ ಹೆಚ್ಚುವುದೇ?

.22 ತೋಟೆಗಳಲ್ಲಿ ಸ್ಥೂಲವಾಗಿ ಮೂರು ಬಗೆ. 40 ಗ್ರೇನ್ ಗುಂಡನ್ನು ಶಬ್ದದ ವೇಗಕ್ಕಿಂತ ತುಸು ಕಡಿಮೆ, ಸೆಕೆಂಡಿಗೆ ಸುಮಾರು 320ರಿಂದ 330 ಮೀಟರ್ ವೇಗದಲ್ಲಿ ಹಾರಿಸುವ ಸಾಧಾರಣ ವೇಗದ ತೋಟೆ ಒಂದು. 36ರಿಂದ 40 ಗ್ರೇನ್ ಗುಂಡನ್ನು ಸೆಕೆಂಡಿಗೆ 380 ಮೀಟರ್ ಆಸುಪಾಸಿನಲ್ಲಿ ಹಾರಿಸುವ ಹೆಚ್ಚು ವೇಗದ ತೋಟೆ ಇನ್ನೊಂದು. 30ರಿಂದ 32 ಗ್ರೇನ್‌ನ ಹಗುರ ಗುಂಡನ್ನು 500 ಮೀಟರ್‌ವರೆಗಿನ ವೇಗದಲ್ಲಿ ಹಾರಿಸುವ ಅತಿವೇಗದ ತೋಟೆ ಮೂರನೆಯದು.

ವೇಗವಾಗಿ ಹೋಗುವ ಗುಂಡು ಕಡಿಮೆ ಬೀಳುತ್ತದೆ, ಆದ್ದರಿಂದ ಗುರಿ ಚೆನ್ನಾಗಿ ಹತ್ತುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದರ ಪೂರ್ವಾರ್ಧ ನಿಜ, ಉತ್ತರಾರ್ಧ ನಿಜವಲ್ಲ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದಕ್ಕಿಂತ ವೇಗವಾಗಿ ಹೊರಟ ಗುಂಡು ಸ್ವಲ್ಪ ದೂರ ಸಾಗುವುದರೊಳಗೆ ಆ ಗಡಿಯನ್ನು ಕೆಳಮುಖವಾಗಿ ದಾಟಬೇಕಾಗುತ್ತದೆ. ಆ ಹಂತದಲ್ಲಿ ಗಾಳಿಯ ತಡೆ ವಿಪರೀತವಾಗಿ, ಗುಂಡಿನ ಸ್ಥಿರತೆ ಕದಡಬಹುದು. ಇದೇ ಕಾರಣಕ್ಕೆ ಅಡ್ಡಗಾಳಿಯಲ್ಲಿ ಹೆಚ್ಚು ವೇಗದ .22 ಗುಂಡು ಸಾಧಾರಣ ವೇಗದ ಗುಂಡಿಗಿಂತ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಕೇಳಲು ವಿಚಿತ್ರವೆನಿಸಿದರೂ ಗುರಿಕಾರರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್ ಮಾತ್ರ. ಅಲ್ಲಿ ಬಳಕೆಯಾಗುವುದು 40 ಗ್ರೇನ್‌ನ, ಶಬ್ದದ ವೇಗಕ್ಕಿಂತ ಕಡಿಮೆ ವೇಗದ ತೋಟೆಯೇ.

ಆದ್ದರಿಂದ ತೆಂಗಿನಕಾಯಿ ಸ್ಪರ್ಧೆಗೆ ಹೋಗುವವರು ದುಬಾರಿ ಅತಿವೇಗದ ತೋಟೆಗೆ ಹಣ ಸುರಿಯುವ ಅಗತ್ಯವಿಲ್ಲ. ಆದರೆ 50 ಮೀಟರ್‌ಗೆ ಗುರಿ ಹೊಂದಿಸಿದ ಕೋವಿಯಿಂದ 100 ಮೀಟರ್ ದೂರಕ್ಕೆ ಹೊಡೆದರೆ ಸಾಧಾರಣ ವೇಗದ ಗುಂಡು ಸಾಕಷ್ಟು ಕೆಳಗೆ ಬೀಳುತ್ತದೆ ಎಂಬುದನ್ನು ಅರಿತಿರಬೇಕು.

ನಳಿಗೆಯೊಳಗಿನ ತಿರುವು

ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಬುಗುರಿ ವೇಗವಾಗಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಂತು, ನಿಧಾನವಾದಾಗ ತೂರಾಡುವಂತೆಯೇ ಗುಂಡೂ ಸಹ. ಉದ್ದನೆಯ ಗುಂಡನ್ನು ನೆಟ್ಟಗಿಡಲು ಹೆಚ್ಚು ತಿರುವು ಬೇಕು. ಬ್ರಿಟನ್ನಿನ ವೂಲ್‌ವಿಚ್‌ನಲ್ಲಿ ಗಣಿತ ಬೋಧಿಸುತ್ತಿದ್ದ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಇದಕ್ಕೊಂದು ಸೂತ್ರ ರೂಪಿಸಿದರು. ಆ ಸೂತ್ರದಲ್ಲಿ ಎಣಿಕೆಗೆ ಬರುವುದು ಗುಂಡಿನ ಉದ್ದವೇ ಹೊರತು ತೂಕವಲ್ಲ.

.22 ಲಾಂಗ್ ರೈಫಲ್ ಕೋವಿಗಳಲ್ಲಿ ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು ಸುತ್ತಿನ ತಿರುವಿರುತ್ತದೆ. 40 ಗ್ರೇನ್ ಗುಂಡಿಗೆ ಇದು ಹೇಳಿ ಮಾಡಿಸಿದ ಅಳತೆ. ಇದೇ ಕೋವಿಯಲ್ಲಿ ಹೊಡೆಯಬಹುದಾದ 60 ಗ್ರೇನ್‌ನ ತೋಟೆಗಳೂ ಹೊರದೇಶಗಳಲ್ಲಿ ತಯಾರಾಗಿವೆ. ಆದರೆ 16 ಅಂಗುಲದ ತಿರುವಿನಲ್ಲಿ ಅಷ್ಟು ಉದ್ದದ ಗುಂಡು ನೆಟ್ಟಗೆ ಹಾರದೆ ಲಾಗ ಹೊಡೆಯುತ್ತದೆ. ಗುರಿಯ ಕಾಗದದ ಮೇಲೆ ದುಂಡನೆಯ ತೂತಿನ ಬದಲು ಉದ್ದನೆಯ ಸೀಳು ಕಾಣಿಸಿದರೆ ಗುಂಡು ಅಡ್ಡಡ್ಡ ಬಂದು ಬಡಿದಿದೆ ಎಂದೇ ಅರ್ಥ. ಅಂತಹ ತೋಟೆಯನ್ನು ಆ ಕೋವಿಯಲ್ಲಿ ಮತ್ತೆ ಬಳಸಬಾರದು.

ಅಮೆರಿಕದ ಬಯಲು, ಅಮೆರಿಕದ ಗುಂಡು

ಹಗುರ ಗುಂಡಿನ ಹೊಗಳಿಕೆ ಎಲ್ಲಿಂದ ಬಂತು? ಅಮೆರಿಕದಲ್ಲಿ ‘ವಾರ್ಮಿಂಟ್’ ಬೇಟೆ ಎಂಬುದೊಂದಿದೆ. ಹುಲ್ಲುಗಾವಲಿನಲ್ಲಿ ಬಿಲ ತೋಡುವ ಪ್ರೈರಿ ಡಾಗ್ ಎಂಬ ಸಣ್ಣ ದಂಶಕ, ಕಯೋಟಿ ಎಂಬ ತೋಳದ ಜಾತಿಯ ಪ್ರಾಣಿ ಮೊದಲಾದವನ್ನು ಅಲ್ಲಿ ಪೀಡೆಯೆಂದು ಪರಿಗಣಿಸಿ ದೂರದಿಂದ ಹೊಡೆಯುತ್ತಾರೆ. ಇದಕ್ಕೆ ಬಳಸುವ .223 ರೆಮಿಂಗ್ಟನ್ ತೋಟೆಯ ಗುಂಡಿನ ಅಗಲ ನಮ್ಮ ಪಾಯಿಂಟ್ 22ರಷ್ಟೇ ಇದ್ದರೂ ಮದ್ದು ಹಲವು ಪಟ್ಟು ಹೆಚ್ಚು. 55 ಗ್ರೇನ್‌ನ ಗುಂಡು ಸೆಕೆಂಡಿಗೆ 980 ಮೀಟರ್‌ಗೂ ಮಿಕ್ಕಿ ಹಾರಿ, ನಳಿಗೆಯ ಬಾಯಲ್ಲಿ ಸುಮಾರು 1,700 ಜೌಲ್ ಶಕ್ತಿ ಹೊಂದಿರುತ್ತದೆ. ನಮ್ಮ 40 ಗ್ರೇನ್‌ನ ಸಾಧಾರಣ ತೋಟೆಯದು ಸುಮಾರು 140 ಜೌಲ್.

ಅಲ್ಲಿಯವರು 40ರಿಂದ 55 ಗ್ರೇನ್‌ನ, ತೆಳು ಹೊದಿಕೆಯ ಗುಂಡುಗಳನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಅವು ಇನ್ನೂರು ಮೀಟರ್‌ವರೆಗೂ ಹೆಚ್ಚು ಬೀಳದೆ ನೇರವಾಗಿ ಸಾಗುತ್ತವೆ. ಎರಡನೆಯದು ಇನ್ನೂ ಮುಖ್ಯ. ಆ ವೇಗದಲ್ಲಿ ಅವು ಪ್ರಾಣಿಗಾಗಲೀ ನೆಲಕ್ಕಾಗಲೀ ತಗುಲಿದೊಡನೆ ಚೂರುಚೂರಾಗುವುದರಿಂದ ಚಿಮ್ಮಿ ಆಚೆ ಹೋಗುವ ಸಂಭವ ಕಡಿಮೆ. ಹಗುರ ಗುಂಡು ಸುರಕ್ಷಿತವೆಂಬ ಮಾತು ಹುಟ್ಟಿದ್ದು ಈ ಗುಣದಿಂದ. ಅದನ್ನು .22 ಲಾಂಗ್ ರೈಫಲ್‌ಗೆ ಅನ್ವಯಿಸಿದರೆ ಅಪಾಯ ಖಚಿತ.

ಚಿಮ್ಮುವ ಗುಂಡು

40 ಗ್ರೇನ್‌ನ ದುಂಡು ಮೂತಿಯ ಸೀಸದ ಗುಂಡು ನಿಧಾನವಾದದ್ದು, ಗಟ್ಟಿಮುಟ್ಟಾದದ್ದು. ಅದು ಒಡೆಯುವುದಿಲ್ಲ. ಕಲ್ಲಿಗೆ, ಒಣಗಿ ಗಟ್ಟಿಯಾದ ನೆಲಕ್ಕೆ, ಕೆರೆಯ ನೀರಿಗೆ ಓರೆಯಾಗಿ ತಗುಲಿದರೂ ಸಾಕು, ಚಿಮ್ಮಿ ದಿಕ್ಕು ಬದಲಿಸುತ್ತದೆ. ಯಾವುದಕ್ಕೂ ತಗುಲದೆ ಹೋದರೆ ಎರಡು ಕಿಲೋಮೀಟರ್‌ಗೂ ದೂರ ಸಾಗಬಲ್ಲದು. ಮೂತಿಯಲ್ಲಿ ಗುಳಿಯಿರುವ 36 ಅಥವಾ 38 ಗ್ರೇನ್‌ನ ಗುಂಡು ಮೆದು ವಸ್ತುವಿಗೆ ತಗುಲಿದಾಗ ಅಗಲವಾಗಿ ಬೇಗ ನಿಲ್ಲುವುದುಂಟು. ಆದರೆ ದೂರ ಹೆಚ್ಚಿ ವೇಗ ಕುಗ್ಗಿದಾಗ ಅದೂ ಸಾದಾ ಗುಂಡಿನಂತೆಯೇ ವರ್ತಿಸುತ್ತದೆ.

ಮಾದಾಪುರದ ಸುತ್ತಲಿನ ನೆಲವನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ತೋಟದ ನಡುವೆ ಲೈನ್‌ಮನೆ, ಇಳಿಜಾರಿನ ಕೆಳಗೆ ಹೊಳೆ, ಆಚೆ ದಡದಲ್ಲಿ ಮತ್ತೊಬ್ಬರ ಮನೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ನೆಲೆ ಕಳೆದುಕೊಂಡವರಿಗಾಗಿ ಸಮೀಪದ ಜಂಬೂರಿನಲ್ಲಿ ಹೊಸ ಮನೆಗಳು ಎದ್ದಿವೆ. ಅಜ್ಜನ ಕಾಲದಲ್ಲಿ ಖಾಲಿಯಿದ್ದ ದಿಕ್ಕು ಇಂದೂ ಖಾಲಿ ಇದೆಯೆಂದು ಭಾವಿಸುವಂತಿಲ್ಲ. ಕಾಫಿ ಗಿಡಗಳ ಮರೆಯಲ್ಲಿ ಮುಸ್ಸಂಜೆ ಅಲುಗಾಡುವುದು ಹಂದಿಯೋ ಸೌದೆ ಆಯುವ ಹೆಂಗಸೋ ಎಂಬುದು ಯಾವ ಗ್ರೇನ್‌ನ ಗುಂಡಿಗೂ ಗೊತ್ತಾಗದು. ಗುಂಡು ನಿಲ್ಲಬೇಕಾದದ್ದು ಗುರಿಯ ಹಿಂದಿನ ಮಣ್ಣಿನ ದಿಬ್ಬದಲ್ಲಿ. ತೆಂಗಿನಕಾಯಿ ಕಟ್ಟುವ ಜಾಗದ ಹಿಂದೆ ಬರೆ ಅಥವಾ ಎತ್ತರದ ದಿಬ್ಬ ಇರಬೇಕೆನ್ನುವುದು ಇದಕ್ಕೇ. ಮರಗಳ ಸಾಲನ್ನು ದಿಬ್ಬವೆಂದು ಎಣಿಸುವ ಸಂಘಟಕರೂ ಇದ್ದಾರೆ, ಅದು ತಪ್ಪು.

ಹಂದಿಗೆ ಪಾಯಿಂಟ್ 22 ಸಲ್ಲದು

ಬೆಳೆದ ಗಂಡು ಕಾಡುಹಂದಿಯ ಭುಜದ ಮೇಲೆ ದಪ್ಪ ಚರ್ಮವೂ ಅದರಡಿ ಗಟ್ಟಿ ಪದರವೂ ಇರುತ್ತವೆ. 140 ಜೌಲ್‌ನ ಸೀಸದ ಗುಂಡು ಅದನ್ನು ಭೇದಿಸಿ ಮರ್ಮಸ್ಥಾನ ತಲುಪುವ ಭರವಸೆ ಇಲ್ಲ. 30 ಗ್ರೇನ್‌ನ ಅತಿವೇಗದ ಗುಂಡು ಇನ್ನೂ ಕಡಿಮೆ ಒಳಹೋಗುತ್ತದೆ. ಗಾಯಗೊಂಡ ಹಂದಿ ಕೂಡಲೇ ಸಾಯುವುದಿಲ್ಲ. ಅದು ತೋಟದ ಪೊದೆಯಲ್ಲಿ ಅಡಗಿದ್ದು, ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದ ಕಾರ್ಮಿಕರ ಮೇಲೆ ಎರಗಬಹುದು. ಹೊಡೆದವನು ಅಷ್ಟು ಹೊತ್ತಿಗೆ ಮನೆಯಲ್ಲಿರುತ್ತಾನೆ. ಶಬ್ದ ಕಡಿಮೆಯೆಂಬ ಒಂದೇ ಕಾರಣಕ್ಕೆ ಹಂದಿಗೆ .22 ಆರಿಸಿಕೊಳ್ಳುವ ಪರಿಪಾಠ ಇದ್ದರೆ, ಅದು ಕಳ್ಳಬೇಟೆಯ ಲೆಕ್ಕಾಚಾರವೇ ಹೊರತು ಬೆಳೆ ರಕ್ಷಣೆಯದಲ್ಲ. ಹೋಲಿಕೆಗೆ ಹೇಳುವುದಾದರೆ, ಭಾರತದ ಆಯುಧ ಕಾರ್ಖಾನೆಗಳಲ್ಲಿ ತಯಾರಾಗುವ .315 ರೈಫಲ್‌ನ ಗುಂಡು 244 ಗ್ರೇನ್ ತೂಗುತ್ತದೆ, ಅಂದರೆ ಪಾಯಿಂಟ್ 22ರ ಆರು ಪಟ್ಟು.

ವಿನಾಯಿತಿ ಕೋವಿಗೆ, ಬೇಟೆಗಲ್ಲ

ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಗೆ ಬ್ರಿಟಿಷರ ಕಾಲದ, 1861ರ ಹಿನ್ನೆಲೆಯಿದೆ. 1959ರ ಆಯುಧ ಕಾಯ್ದೆಯಡಿ 1963ರಲ್ಲಿ ಅದು ಮುಂದುವರಿಯಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ 2029ರ ಅಕ್ಟೋಬರ್ 31ರವರೆಗೆ ಅದು ಊರ್ಜಿತ. ರಾಜ್ಯ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಇದನ್ನು ಎತ್ತಿಹಿಡಿದಿದೆ. ಜಿಲ್ಲೆಯಿಂದ ಹೊರಗೆ ಹೋಗುವಾಗ ಒಯ್ಯಬಹುದಾದ ರೈಫಲ್ ಒಂದೇ, ಅದರ ತೋಟೆ 100 ಎಂಬ ಮಿತಿಯೂ ಈ ವಿನಾಯಿತಿಯ ಷರತ್ತುಗಳಲ್ಲಿದೆ.

ಆದರೆ ಇದು ಕೋವಿ ಇರಿಸಿಕೊಳ್ಳುವುದಕ್ಕೆ ದೊರೆತ ವಿನಾಯಿತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಯಾರಿಗೂ ಅಂತಹ ವಿನಾಯಿತಿ ಇಲ್ಲ. ಕಾಗೆ, ಹಣ್ಣು ತಿನ್ನುವ ಬಾವಲಿ, ಇಲಿ, ಹೆಗ್ಗಣಗಳನ್ನು ಪೀಡೆಯೆಂದು ಪಟ್ಟಿ ಮಾಡಿದ್ದ ಹಳೆಯ ಐದನೇ ಪರಿಶಿಷ್ಟವನ್ನು 2022ರ ತಿದ್ದುಪಡಿ ಕೈಬಿಟ್ಟಿತು. ತಿದ್ದುಪಡಿ ಜಾರಿಗೆ ಬಂದ 2023ರ ಏಪ್ರಿಲ್ 1ರಿಂದ ಕಾಡುಹಂದಿ ಎರಡನೇ ಪರಿಶಿಷ್ಟದಲ್ಲಿದೆ. ಅದನ್ನು ಅನುಮತಿಯಿಲ್ಲದೆ ಕೊಂದರೆ ಮೂರು ವರ್ಷಗಳವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಬೆಳೆಹಾನಿ ವಿಪರೀತವಾದಲ್ಲಿ ಕಾಯ್ದೆಯ 11ನೇ ಸೆಕ್ಷನ್‌ನಂತೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣಗಳನ್ನು ದಾಖಲಿಸಿ ಲಿಖಿತ ಆದೇಶ ನೀಡಬಹುದು. ಹಾಗೆ ಕೊಂದ ಪ್ರಾಣಿಯೂ ಸರ್ಕಾರದ ಆಸ್ತಿ, ಮಾಂಸ ಹಂಚಿಕೊಳ್ಳುವಂತಿಲ್ಲ. ಕೇಂದ್ರ ಸರ್ಕಾರವು ನಿರ್ದಿಷ್ಟ ಪ್ರದೇಶಕ್ಕೆ, ನಿರ್ದಿಷ್ಟ ಅವಧಿಗೆ ಒಂದು ಪ್ರಾಣಿಯನ್ನು ಪೀಡೆಯೆಂದು ಘೋಷಿಸಲು 62ನೇ ಸೆಕ್ಷನ್ ಅವಕಾಶ ಕೊಡುತ್ತದೆ. 2015-16ರಲ್ಲಿ ಬಿಹಾರ ಹಾಗೂ ಉತ್ತರಾಖಂಡದ ಕೆಲ ಜಿಲ್ಲೆಗಳಲ್ಲಿ ಕಾಡುಹಂದಿಯನ್ನು ಹೀಗೆ ಘೋಷಿಸಲಾಗಿತ್ತು. ನೆರೆಯ ಕೇರಳ ಅಂತಹ ಘೋಷಣೆ ಕೋರಿ ಪಡೆಯಲಾಗದೆ, 2022ರಲ್ಲಿ ಹಂದಿ ಹೊಡೆಸುವ ಆದೇಶದ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ನಮ್ಮ ರಾಜ್ಯದ ಬೆಳೆಗಾರರು ಹಾನಿಗೆ ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಬಹುದು. ಪರಿಹಾರ ಸಾಲದೆಂಬ ದೂರು ಹಳೆಯದು, ನ್ಯಾಯವಾದದ್ದೂ ಹೌದು. ಆದರೆ ಕೋವಿ ಅದಕ್ಕೆ ಉತ್ತರವಾಗಲಾರದು.

ತೋಟೆ ಆರಿಸುವ ಬಗೆ

ಉಳಿದಂತೆ .22 ಬಳಸುವುದು ಗುರಿ ಅಭ್ಯಾಸಕ್ಕೆ, ಸ್ಪರ್ಧೆಗೆ. ಇದಕ್ಕೆ 40 ಗ್ರೇನ್‌ನ ಸಾಧಾರಣ ವೇಗದ ತೋಟೆಯಿಂದಲೇ ಆರಂಭಿಸುವುದು ಸೂಕ್ತ. ಒಂದೇ ಕಂಪನಿಯ ಎರಡು ಕೋವಿಗಳಿಗೂ ಒಂದೇ ತೋಟೆ ಒಗ್ಗುವುದಿಲ್ಲ. ಆದ್ದರಿಂದ ಎರಡು ಮೂರು ಬಗೆಯ ತೋಟೆಗಳ ತಲಾ ಒಂದು ಡಬ್ಬಿ ತಂದು, ಕೋವಿಯನ್ನು ಮರಳು ಚೀಲದ ಮೇಲಿರಿಸಿ, ಗಾಳಿಯಿಲ್ಲದ ಬೆಳಿಗ್ಗೆ 50 ಮೀಟರ್ ದೂರದ ಕಾಗದಕ್ಕೆ ಐದೈದು ಗುಂಡು ಹೊಡೆದು ನೋಡಬೇಕು. ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಿದಾಗ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಗುಂಡಿನ ಮೇಲಿನ ಮೇಣ ನಳಿಗೆಯೊಳಗೆ ಹೊಂದಿಕೊಳ್ಳಲು ಅಷ್ಟು ಬೇಕು. ಐದು ತೂತುಗಳು ಎಲ್ಲಿ ಹತ್ತಿರ ಹತ್ತಿರ ಬೀಳುತ್ತವೆಯೋ ಆ ಡಬ್ಬಿಯ ಬ್ಯಾಚ್ ಸಂಖ್ಯೆಯನ್ನು ಬರೆದಿಟ್ಟುಕೊಂಡು ಅದನ್ನೇ ಕೊಳ್ಳುವುದು ಜಾಣತನ.

ಕೊಡಗಿನ ಮಳೆಗಾಲದಲ್ಲಿ ತೋಟೆಗೆ ತೇವ ತಗುಲದಂತೆ ಬಿಗಿ ಮುಚ್ಚಳದ ಡಬ್ಬದಲ್ಲಿ, ಕೋವಿಯಿಂದ ಬೇರೆಡೆ, ಬೀಗದೊಳಗೆ ಇರಿಸಬೇಕು. ಕುದುರೆ ಎಳೆದಾಗ ತೋಟೆ ಸಿಡಿಯದಿದ್ದರೆ ಕೂಡಲೇ ನಳಿಗೆ ತೆರೆಯಬಾರದು. ಕನಿಷ್ಠ 30 ಸೆಕೆಂಡು ಕೋವಿಯ ಬಾಯನ್ನು ಮಣ್ಣಿನ ದಿಬ್ಬದತ್ತಲೇ ಹಿಡಿದಿದ್ದು, ಬಳಿಕ ತೋಟೆ ತೆಗೆಯಬೇಕು.