ತರಬೇತಿ ಮುಗಿಸಿ ಊರಿಗೆ ಮರಳಿದ ಮೇಲೆ: ಸಣ್ಣ ಸೇವಾ ಸಂಸ್ಥೆಗಳಲ್ಲಿ ನಾಯಕತ್ವ

ತೇರದಾಳ: ಎರಡು ಮೂರು ದಿನಗಳ ನಾಯಕತ್ವ ತರಬೇತಿ ಮುಗಿಸಿ, ಪ್ರಮಾಣಪತ್ರದೊಂದಿಗೆ ಊರಿಗೆ ಮರಳುವ ಸ್ವಯಂಸೇವಾ ಸಂಸ್ಥೆಗಳ ಮುಖ್ಯಸ್ಥರಿಗೆ ಕೊರತೆಯಿಲ್ಲ. ಮರುದಿನ ಕಚೇರಿಯ ಬಾಗಿಲು ತೆರೆದಾಗ ಎದುರಾಗುವುದು ಮಾತ್ರ ಹಳೆಯ ಚಿತ್ರವೇ. ಬೀರುವಿನ ಕೀಲಿಕೈ ಒಬ್ಬರ ಬಳಿ, ಬ್ಯಾಂಕಿನ ವ್ಯವಹಾರ ಅವರ ಕೈಯಲ್ಲೇ, ದಾನಿಗಳ ಪರಿಚಯವೂ ಅವರೊಬ್ಬರಿಗೇ. ಅವರು ಹಾಸಿಗೆ ಹಿಡಿದರೆ ಸಂಸ್ಥೆಯೂ ಹಾಸಿಗೆ ಹಿಡಿಯುತ್ತದೆ.

ತರಬೇತಿಯ ಬಹುಪಾಲು ಪಾಠಗಳು ದೊಡ್ಡ ಕಂಪನಿಗಳನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡವು ಎಂಬುದು ಇದಕ್ಕೊಂದು ಕಾರಣ. ಐದಾರು ಮಂದಿಯ ಸೇವಾ ಸಂಸ್ಥೆಯಲ್ಲಿ ಬಡ್ತಿಯಿಲ್ಲ, ಬೋನಸ್ಸಿಲ್ಲ. ಅಲ್ಪ ಗೌರವಧನ ಮಾತ್ರ. ತೇರದಾಳ, ರಬಕವಿ, ಬನಹಟ್ಟಿಯಂಥ ನೇಕಾರರ ಊರುಗಳಲ್ಲಿ ಕಾರ್ಯಕರ್ತೆಯೊಬ್ಬಳು ಮನೆಯಲ್ಲಿ ಕಂಡಿಕೆ ಸುತ್ತಿ ಮುಗಿಸಿ ಸಭೆಗೆ ಬರಬೇಕು. ಕಬ್ಬಿನ ಕಟಾವು ಆರಂಭವಾದರೆ ಹಳ್ಳಿಗಳಲ್ಲಿ ಹಗಲು ಜನರೇ ಸಿಗುವುದಿಲ್ಲ. ಇಂಥಲ್ಲಿ ಆಜ್ಞೆಯಿಂದ ಕೆಲಸ ನಡೆಯದು.

1939ರಲ್ಲಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಬಾಲಕರ ಗುಂಪುಗಳ ಮೇಲೆ ನಡೆಸಿದ ಅಧ್ಯಯನ ಇಲ್ಲಿ ಉಲ್ಲೇಖಾರ್ಹ. ನಿರಂಕುಶ ನಾಯಕ ಕೊಠಡಿಯಿಂದ ಹೊರಹೋದೊಡನೆ ಆ ಗುಂಪಿನ ಕೆಲಸ ಕುಸಿಯಿತು. ಎಲ್ಲರೊಡನೆ ಚರ್ಚಿಸಿ ನಡೆಸುವ ನಾಯಕನ ಗುಂಪಿನಲ್ಲಿ ಅವನಿಲ್ಲದಾಗಲೂ ಕೆಲಸ ಸಾಗಿತು.

ಇದಕ್ಕಿಂತ ಹತ್ತಿರದ ಪಾಠ ಕರ್ನಾಟಕದಲ್ಲಿಯೇ ಇದೆ. 1968ರಲ್ಲಿ ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿಗಾಗಿ ಆರಂಭವಾದ ಮೈರಾಡ ಸಂಸ್ಥೆ, ಮುಂದೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಲು ನೆರವಾಯಿತು. 1984-85ರ ವೇಳೆಗೆ ಅವುಗಳಲ್ಲಿ ಕೆಲವು ಒಡೆದವು. ಮುಂದಾಳುಗಳ ಮೇಲಿನ ಅವಿಶ್ವಾಸ ಮತ್ತು ದುರಾಡಳಿತ ಇದಕ್ಕೆ ಕಾರಣ. ಸಾಲವನ್ನು ಮೈರಾಡಕ್ಕೆ ತೀರಿಸುತ್ತೇವೆ, ಸಂಘಕ್ಕೆ ಕೊಡುವುದಿಲ್ಲ ಎಂದ ಸದಸ್ಯರು ಪರಸ್ಪರ ನಂಬಿಕೆಯುಳ್ಳ ಸಣ್ಣ ಗುಂಪುಗಳಾಗಿ ಸೇರತೊಡಗಿದರು. ಸಂಸ್ಥೆ ಹಟ ಹಿಡಿಯಲಿಲ್ಲ. ಗುಂಪುಗಳಿಗೇ ಸಭೆ ನಡೆಸುವುದು, ಲೆಕ್ಕ ಇಡುವುದು, ಜಗಳ ಬಗೆಹರಿಸುವುದು ಮುಂತಾದವನ್ನು ಕಲಿಸಿತು. ಪ್ರತಿನಿಧಿಗಳು ಸರದಿಯಂತೆ ಬದಲಾಗಬೇಕೆಂಬುದಕ್ಕೆ ಒತ್ತು ಕೊಟ್ಟಿತು. 1987ರಲ್ಲಿ ನಬಾರ್ಡ್ ನೆರವು ದೊರೆಯಿತು. 1992ರಲ್ಲಿ ಸ್ವಸಹಾಯ ಗುಂಪುಗಳಿಗೆ ಬ್ಯಾಂಕ್ ಸಾಲ ಜೋಡಿಸುವ ರಾಷ್ಟ್ರೀಯ ಪ್ರಾಯೋಗಿಕ ಯೋಜನೆ ಆರಂಭವಾಯಿತು. ಊರೂರಿನ ಮಹಿಳಾ ಸಂಘಗಳಿಗೆ ದಾರಿಯಾದದ್ದು ಹೀಗೆ.

ವಿಪರ್ಯಾಸವೆಂದರೆ, ಮಹಿಳೆಯರಿಗೆ ಸರದಿ ನಾಯಕತ್ವ ಬೋಧಿಸುವ ಸಂಸ್ಥೆಗಳೇ ತಮ್ಮ ಕಚೇರಿಯಲ್ಲಿ ಅದನ್ನು ಪಾಲಿಸುವುದು ವಿರಳ. ಸಾಮೂಹಿಕ ಹೊಣೆ ಈ ನೆಲಕ್ಕೆ ಹೊಸದೂ ಅಲ್ಲ. ತೇರದಾಳದ 12ನೇ ಶತಮಾನದ ಶಾಸನದಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಉಲ್ಲೇಖವಿದೆ.

ಆರಂಭ ಸಣ್ಣದಾಗಿರಬಹುದು. "ಅಕ್ಕಾರ, ಈ ವಾರದ ಸಭಾ ನೀವೇ ನಡಸ್ರಿ, ನಾ ಹಿಂದ ಕುಂದರತೀನಿ" ಎಂದು ಮುಖ್ಯಸ್ಥರು ಹೇಳಿ, ನಿಜವಾಗಿಯೂ ಹಿಂದೆ ಕುಳಿತುಕೊಳ್ಳಬೇಕು. ಮಧ್ಯೆ ಬಾಯಿ ಹಾಕದಿರುವುದೇ ಕಠಿಣ. ಹೊಸಬರಿಗೆ ಹೆಜ್ಜೆಹೆಜ್ಜೆಗೂ ಹೇಳಿಕೊಡಬೇಕು, ಅನುಭವಿಗಳಿಗೆ ಕೆಲಸವನ್ನೇ ಬಿಟ್ಟುಕೊಡಬೇಕು ಎಂಬುದು 1969ರಲ್ಲಿ ಹರ್ಸಿ ಮತ್ತು ಬ್ಲಾಂಚರ್ಡ್ ಮಂಡಿಸಿದ ವಿಚಾರ. ಆದರೆ ಕೆಲಸ ಕೊಟ್ಟು ಅಧಿಕಾರ ಕೊಡದಿದ್ದರೆ ಅದು ಹೊರೆಯಾಗುತ್ತದೆ. ಕ್ಷೇತ್ರ ಕಾರ್ಯಕರ್ತರು ಎಷ್ಟು ರೂಪಾಯಿವರೆಗೆ ಕೇಳದೆ ಖರ್ಚು ಮಾಡಬಹುದು ಎಂಬುದನ್ನು ಠರಾವು ಪುಸ್ತಕದಲ್ಲಿ ಬರೆದಿಡಬೇಕು.

ಎಲ್ಲ ಕಾಲಕ್ಕೂ ಚರ್ಚೆಯೇ ಮದ್ದಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ತೀರದ ಹಳ್ಳಿಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ ದೋಣಿ, ಆಹಾರ, ಔಷಧಗಳ ಬಗ್ಗೆ ಒಬ್ಬರು ನಿರ್ಧರಿಸಿ ಉಳಿದವರು ಓಡಬೇಕಾಗುತ್ತದೆ. ಆ ಒಬ್ಬರು ಯಾರೆಂಬುದು ಮಳೆಗಾಲಕ್ಕೆ ಮೊದಲೇ ಗೊತ್ತಿರಬೇಕು. ನೀರು ಇಳಿದ ಮೇಲೆ ಆ ಅಧಿಕಾರ ತಂಡಕ್ಕೆ ಮರಳಬೇಕು. ಹಲವೆಡೆ ಅದು ಮರಳುವುದಿಲ್ಲ.

ಕಾನೂನಿನ ಚೌಕಟ್ಟೂ ಇದಕ್ಕೆ ನೆರವಾಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಸಂಘ ಕಟ್ಟಲು ಕನಿಷ್ಠ ಏಳು ಮಂದಿ ಬೇಕು; ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ಆ ಏಳು ಮಂದಿಯಲ್ಲಿ ಆರು ಜನ ಸಹಿಗಷ್ಟೇ ಸೀಮಿತರಾದರೆ ಪ್ರಶ್ನೆ ಕೇಳುವವರೇ ಇರುವುದಿಲ್ಲ.

ತರಬೇತಿ ನಾಟಿದೆಯೇ ಎಂದು ತಿಳಿಯಲು ದುಬಾರಿ ಮೌಲ್ಯಮಾಪನ ಬೇಕಿಲ್ಲ. ಮುಖ್ಯಸ್ಥರು ಹದಿನೈದು ದಿನ ರಜೆ ಹಾಕಿ, ಮೊಬೈಲ್ ಮನೆಯಲ್ಲಿಟ್ಟು ಹೋಗಿ ಬರಲಿ. ನಿಂತುಹೋದ ಕೆಲಸಗಳ ಪಟ್ಟಿಯೇ ಮುಂದಿನ ತಿಂಗಳು ಯಾರಿಗೆ ಏನು ಕಲಿಸಬೇಕೆಂಬುದರ ಪಟ್ಟಿಯಾಗುತ್ತದೆ.