ಎಂಟನೆಯ ತರಗತಿಯಿಂದಲೇ ಕಾಲೇಜಿನ ದಾರಿ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದ ವಾರದಲ್ಲಿ ಹಳೆಯ ವಿದ್ಯಾರ್ಥಿಗಳು ಹೆತ್ತವರೊಡನೆ ನಮ್ಮ ಶಾಲೆಯ ಕಚೇರಿಗೆ ಬರುವುದು ವಾಡಿಕೆ. “ಮಾಸ್ಟ್ರೇ, ಇನ್ನೇನು ಮಾಡುವುದು?” ಎಂಬುದೇ ಅವರ ಪ್ರಶ್ನೆ. ಮಗು ಎಂಟನೆಯ ತರಗತಿಯಲ್ಲಿದ್ದಾಗಲೇ ಇದನ್ನು ಕೇಳಿದ್ದರೆ ನಮಗೆ ಉತ್ತರ ಹೇಳುವುದು ಎಷ್ಟೋ ಸುಲಭವಾಗುತ್ತಿತ್ತು. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳ ಕನ್ನಡ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಕಾಗದಪತ್ರಗಳ ವಿಚಾರ. ಶಾಲೆಯ ದಾಖಲೆಯಲ್ಲಿ ‘ಗಣೇಶ’ನಾಗಿರುವ ಹುಡುಗ ಇನ್ನೊಂದು ಕಾಗದದಲ್ಲಿ ‘ಗಣೇಶನ್’ ಆಗಿರುವುದು ನಮ್ಮ ಗಡಿನಾಡಿನಲ್ಲಿ ಹೊಸತಲ್ಲ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಈ ಮೂರರಲ್ಲಿಯೂ ಹೆಸರು, ಇನಿಷಿಯಲ್, ಜನ್ಮದಿನಾಂಕಗಳು ಒಂದೇ ರೀತಿ ಇವೆಯೇ ಎಂಬುದನ್ನು ಎಂಟನೆಯಲ್ಲಿಯೇ ನೋಡಬೇಕು. ಹತ್ತನೆಯ ತರಗತಿಯ ಪ್ರಮಾಣಪತ್ರ ಅಚ್ಚಾದ ಮೇಲೆ ತಿದ್ದಿಸುವುದು ಅಲೆದಾಟದ ಕೆಲಸ. ಮಾತೃಭಾಷೆಯ ವಿಚಾರದಲ್ಲಿಯೂ ಇದೇ ಎಚ್ಚರ ಬೇಕು. ಅದರ ಬೆಲೆ ಮುಂದೆ ತಿಳಿಯುತ್ತದೆ.

ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನದ ಪರೀಕ್ಷೆಯಿದೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಬೀಡಿ ಕಟ್ಟುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಹಣಕ್ಕಿಂತಲೂ ಮಿಗಿಲಾದ ಲಾಭವೆಂದರೆ, ಗಡಿಯಾರ ನೋಡುತ್ತ ಪ್ರಶ್ನೆ ಬಿಡಿಸುವ ಅಭ್ಯಾಸ ಹದಿಮೂರರ ಪ್ರಾಯದಲ್ಲಿಯೇ ಬರುತ್ತದೆ.

ಇನ್ನು ನಮ್ಮ ಮಕ್ಕಳು ನಿಜವಾಗಿ ಎಡವುವ ಸ್ಥಳಕ್ಕೆ ಬರೋಣ. ಹತ್ತನೆಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಮಗು ಹನ್ನೊಂದನೆಯ ತರಗತಿಗೆ ಹೋದ ದಿನವೇ ಇಂಗ್ಲಿಷ್ ಪುಸ್ತಕವನ್ನು ಕಾಣುತ್ತದೆ. ನಮ್ಮಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗಿಯೊಬ್ಬಳು ಮೂರು ತಿಂಗಳೊಳಗೆ ವಿಜ್ಞಾನವನ್ನು ಬಿಟ್ಟುಬಿಡುವೆನೆಂದು ಅಳುತ್ತ ಬಂದಳು. ಕನ್ನಡದಲ್ಲಿ ಕೇಳಿದರೆ ವೇಗೋತ್ಕರ್ಷವೆಂದರೇನೆಂದು ಉದಾಹರಣೆ ಸಹಿತ ಹೇಳಿದಳು. ‘ಆಕ್ಸಲರೇಷನ್’ ಎಂದೊಡನೆ ಮೌನವಾದಳು. ಅವಳಿಗೆ ವಿಷಯ ತಿಳಿದಿತ್ತು, ಹೆಸರಷ್ಟೇ ಹೊಸದು. ಅಂದಿನಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಪ್ರತ್ಯೇಕ ನೋಟುಪುಸ್ತಕವನ್ನು ಇಡಿಸುತ್ತಿದ್ದೇವೆ. ಎಡಗಡೆ ದ್ಯುತಿಸಂಶ್ಲೇಷಣೆ, ಬಲಗಡೆ ಫೋಟೋಸಿಂಥೆಸಿಸ್. ದಿನಕ್ಕೆ ಐದೇ ಪದ. ಹತ್ತನೆಯ ಪರೀಕ್ಷೆ ಮುಗಿದ ರಜೆಯಲ್ಲಿ ಆ ಪುಸ್ತಕವನ್ನು ಮತ್ತೊಮ್ಮೆ ಓದಿದವರಿಗೆ ಹನ್ನೊಂದನೆಯ ತರಗತಿ ಅಷ್ಟೊಂದು ಅಪರಿಚಿತವೆನಿಸುವುದಿಲ್ಲ. ಈ ಭಯದಿಂದಲೇ ಮಗುವನ್ನು ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಹೆತ್ತವರೊಡನೆ ನಾವು ಜಗಳವಾಡುವುದಿಲ್ಲ, ಒಪ್ಪುವುದೂ ಇಲ್ಲ.

ಹನ್ನೊಂದನೆಯ ತರಗತಿಯ ವಿಷಯಗಳನ್ನು ಸ್ನೇಹಿತನನ್ನು ನೋಡಿ ಆರಿಸಬಾರದು. ಗಣಿತವನ್ನು ಬಿಟ್ಟವನಿಗೆ ಇಂಜಿನಿಯರಿಂಗ್ ಇಲ್ಲ, ಜೀವಶಾಸ್ತ್ರವನ್ನು ಬಿಟ್ಟವಳಿಗೆ ವೈದ್ಯಕೀಯವಿಲ್ಲ. ಆ ಶಾಲೆಯಲ್ಲಿ ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಸುವರೇ ಎಂಬುದನ್ನೂ ಅರ್ಜಿ ತುಂಬುವ ಮೊದಲೇ ವಿಚಾರಿಸಬೇಕು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತೆಯುಂಟು. ನಮ್ಮ ಮೂರು ತಾಲೂಕುಗಳೂ, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜಗಳೂ ಅದರಲ್ಲಿ ಸೇರಿವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಹನ್ನೆರಡನೆಯ ತರಗತಿಯನ್ನು ಎಲ್ಲಿ ಓದಿದರೆಂಬುದನ್ನೂ ನೋಡುತ್ತಾರೆ. ಆದ್ದರಿಂದ ಹತ್ತನೆಯ ನಂತರ ಮಂಗಳೂರಿನ ಹಾಸ್ಟೆಲಿಗೆ ಕಳುಹಿಸಲು ಹೊರಟವರು ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದಿಯೇ ಹೆಜ್ಜೆಯಿಡಬೇಕು. ಇವರಿಗಾಗಿ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯೂ ಇದೆ. ನಾಲ್ಕನೆಯ ತರಗತಿಯ ಮಟ್ಟದ್ದು, 12 ಅಂಕ ಬಂದರೆ ಸಾಕು. ನಗು ಬರಬಹುದು. ಆದರೆ ಮನೆಯಲ್ಲಿ ಸೊಗಸಾಗಿ ತುಳು, ಕನ್ನಡ ಮಾತನಾಡುವ ಮಕ್ಕಳಲ್ಲಿ ಒತ್ತಕ್ಷರ ಬರೆಯಲಾರದವರು ಎಷ್ಟು ಮಂದಿಯೆಂದು ಒಂದು ಸಂಜೆ ಕೂರಿಸಿ ನೋಡಿರಿ. ಅಜ್ಜಿಗೆ ತಿಂಗಳಿಗೊಂದು ಪತ್ರ ಬರೆಯಿಸಿದರೂ ಈ ಪರೀಕ್ಷೆಗೆ ಬೇರೆ ಸಿದ್ಧತೆ ಬೇಡ.

ಸಿ.ಇ.ಟಿ.ಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆಗಳು, 80 ನಿಮಿಷಗಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ವೈದ್ಯಕೀಯದ ನೀಟ್ ಪರೀಕ್ಷೆಯಲ್ಲಿ ಕಳೆಯುತ್ತಾರೆ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಪದವಿ ತರಗತಿಗಳಿಗೆ 2022ರಲ್ಲಿ ಆರಂಭವಾದ ಸಾಮಾನ್ಯ ಪ್ರವೇಶ ಪರೀಕ್ಷೆಯ ಭಾಷೆಗಳಲ್ಲಿಯೂ ಕನ್ನಡವಿದೆ.

ಎಲ್ಲರೂ ಈ ಪರೀಕ್ಷೆಗಳ ಬೆನ್ನು ಹತ್ತಬೇಕಾಗಿಲ್ಲ. 1957ರಲ್ಲಿ ಸ್ಥಾಪನೆಯಾದ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗವಿದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜಿದೆ. ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವ ಈ ಕಾಲೇಜುಗಳನ್ನು ಒಂಬತ್ತನೆಯ ತರಗತಿಯ ರಜೆಯಲ್ಲಿ ಮಕ್ಕಳಿಗೊಮ್ಮೆ ತೋರಿಸಿಕೊಂಡು ಬನ್ನಿರಿ.